ಎಲೆಯ ಬೆನ್ನಿನ ಚುಕ್ಕೆಗಳು

ಎದುರಿಗೆ ಎಲ್ಲರೂ ಆಕೆಯನ್ನು ಲಾಂಡ್ರಿಯಮ್ಮ ಎನ್ನುತ್ತಿದ್ದರು. ಬೆನ್ನ ಹಿಂದೆ ಭೂತಗನ್ನಡಿ. ಈ ಎರಡನೆಯ ಹೆಸರು ತನಗಿದೆ ಎಂಬುದು ಆಕೆಗೆ ಗೊತ್ತಿತ್ತು, ಒಳಗೊಳಗೇ ಅದಕ್ಕೆ ಹಿಗ್ಗುತ್ತಲೂ ಇದ್ದಳು. ಯಾರಾದರೂ ಒಂದು ಅಂಗಿ ತಂದು ಮೇಜಿನ ಮೇಲಿಟ್ಟರೆ ಸಾಕು, ಅದನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ಎತ್ತಿ ಕಾಲರಿನಿಂದ ಅಂಚಿನವರೆಗೆ ಒಂದು ಸಲ ಕಣ್ಣಾಡಿಸುವಳು. ಆಮೇಲೆ ಬೆರಳಿಟ್ಟು ತೋರಿಸುವಳು. "ಇಲ್ಲಿ ಶಾಯಿ. ಇಲ್ಲಿ ಕಾಫಿ. ಇದು ತುಕ್ಕು, ಇದು ಹೋಗಲ್ಲ. ಮೊದಲೇ ಹೇಳಿದೀನಿ, ಆಮೇಲೆ ನನ್ನ ತಲೆಗೆ ಕಟ್ಟಬೇಡಿ." ಮೆಲ್ಲಗೆ ಹೇಳುವ ಅಭ್ಯಾಸವೂ ಇರಲಿಲ್ಲ. ಡ್ರೈಯರಿನ ಗದ್ದಲದ ಮೇಲೆ ಕೂಗಿ ಮಾತಾಡಿ ಗಂಟಲು ಹಾಗೆಯೇ ಪಳಗಿಹೋಗಿತ್ತು. ಸಾಲಿನಲ್ಲಿ ನಿಂತವರಿಗೆಲ್ಲ ಯಾರ ಮನೆಯಲ್ಲಿ ಯಾರು ಏನನ್ನು ಮೈಮೇಲೆ ಚೆಲ್ಲಿಕೊಂಡರು ಎಂಬುದು ಪುಕ್ಕಟೆಯಾಗಿ ತಿಳಿಯುತ್ತಿತ್ತು.

ಈ ಕಣ್ಣು ಹುಟ್ಟಿನಿಂದ ಬಂದದ್ದಲ್ಲ. ಮದುವೆಗೆ ಮುಂಚೆ ಆಕೆ ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸಕ್ಕಿದ್ದಳು. ನೆಲಮಾಳಿಗೆ, ಕಿಟಕಿಯಿಲ್ಲದ ಕೋಣೆ, ಎದೆಮಟ್ಟಕ್ಕೆ ರಾಶಿ ಬಿದ್ದ ಹಾಸುಬಟ್ಟೆ. ಅಲ್ಲಿನ ಮೇಲ್ವಿಚಾರಕಿ ಒಗೆದ ಬಟ್ಟೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ, ಸಾಸಿವೆ ಕಾಳಿನಷ್ಟು ಕಲೆ ಕಂಡರೂ ಇಡೀ ಗಂಟನ್ನೇ ವಾಪಸು ಎಸೆಯುತ್ತಿದ್ದಳು. ಬೈಸಿಕೊಳ್ಳುತ್ತಾ ಬೈಸಿಕೊಳ್ಳುತ್ತಾ ಈಕೆಯ ಕಣ್ಣು ಮೇಲ್ವಿಚಾರಕಿಯ ಕಣ್ಣನ್ನೂ ಮೀರಿಸಿತು. ಮುಂದೆ ಗಂಡನೊಡನೆ ಸ್ವಂತ ಅಂಗಡಿ ತೆರೆದಾಗ ಆಕೆಯ ಬಂಡವಾಳವೆಂದರೆ ಆ ಕಣ್ಣು, ಒಂದು ಆವಿ ಇಸ್ತ್ರಿ ಮತ್ತು ಸೆಕೆಂಡ್‌ಹ್ಯಾಂಡ್ ಮಿಷಿನ್ನು. ಗಂಡ ಮಾತು ಕಡಿಮೆಯ ಮನುಷ್ಯ. ಸೈಕಲ್ಲಿನ ಹಿಂದೆ ಬಟ್ಟೆಯ ಗಂಟು ಕಟ್ಟಿಕೊಂಡು ಮನೆಮನೆಗೆ ತಲುಪಿಸಿ ಬರುವುದು ಅವನ ಪಾಲಿನ ಕೆಲಸ. "ನಮ್ಮನೆಯವಳು ಹುಣ್ಣಿಮೆ ಚಂದ್ರನ್ನ ನೋಡಿದ್ರೂ ಮೊದಲು ಕಲೆ ಎಲ್ಲಿದೆ ಅಂತಾನೇ ನೋಡೋದು" ಎಂದು ಗಿರಾಕಿಗಳ ಹತ್ತಿರ ಹೇಳುತ್ತಿದ್ದ. ಆಕೆ ಅದಕ್ಕೂ ನಗುತ್ತಿದ್ದಳು.

ಪಕ್ಕದ ಅಂಗಡಿ ಟೈಲರಣ್ಣನದು. ವಯಸ್ಸಾದ ಒಂಟಿ ಜೀವ. ಮದುವೆಯಾಗಿರಲಿಲ್ಲ. ಅವನ ಅಕ್ಕ ಅವನನ್ನು ಸಾಕಿದ್ದಳು, ಅವನಿಗೆ ಹೊಲಿಗೆ ಕಲಿಸಿದ್ದೂ ಅವಳೇ. ಕೊನೆಗೆ ಅವನ ಅಂಗಡಿಯ ಮೂಲೆಯಲ್ಲಿ ಕೂತು ಕಾಜಾ ಹೊಲಿದು ಗುಂಡಿ ಹಾಕಿಕೊಡುತ್ತಾ ಬದುಕು ಸವೆಸಿದಳು. ಎಲ್ಲರಿಗೂ ಅವಳು ಗುಂಡಿಯಕ್ಕ. ಅವಳಿಗಿದ್ದ ಒಂದೇ ಒಂದು ಶೋಕಿಯೆಂದರೆ ಕಿಟಕಿಯ ಬಳಿ ಕುಂಡದಲ್ಲಿ ಬೆಳೆಸಿದ ಜರಿಗಿಡ, ಫರ್ನ್ ಅಂತಾರಲ್ಲ ಅದು. ನೀರು ಹಾಕುವುದು, ಒಣಗಿದ ಗರಿ ಕತ್ತರಿಸುವುದು, ಆಗಾಗ ಕುಂಡ ತಿರುಗಿಸಿಡುವುದು ಎಲ್ಲ ಅವಳದೇ. ತಮ್ಮನಿಗೆ ಬಟ್ಟೆಯಾಯಿತು, ಮಿಷಿನ್ನಾಯಿತು.

ಗುಂಡಿಯಕ್ಕ ತೀರಿಕೊಂಡ ಮೇಲೆ ಟೈಲರಣ್ಣ ಆ ಗಿಡಕ್ಕೆ ನೀರು ಮಾತ್ರ ತಪ್ಪಿಸಲಿಲ್ಲ. ಅದು ಬೆಳೆದು ಬೆಳೆದು ಬೇರು ಕುಂಡದಲ್ಲಿ ಹಿಡಿಸದಾಯಿತು. ಒಂದು ಮಧ್ಯಾಹ್ನ ಅವನು ಲಾಂಡ್ರಿಯಮ್ಮನನ್ನು ಕರೆದ.

"ತಂಗೀ, ಸ್ವಲ್ಪ ಹಿಡಿದುಕೋ ಬಾ. ಇದನ್ನ ಎರಡು ಭಾಗ ಮಾಡ್ತೀನಿ. ಒಂದು ನಿನಗೆ. ಈ ಗಿಡಕ್ಕೆ ಹಸಿ ಗಾಳಿ ಬೇಕು ಅಂತ ಅಕ್ಕ ಹೇಳ್ತಿದ್ದಳು. ನಿನ್ನ ಅಂಗಡೀಲಿ ದಿನಪೂರ್ತಿ ಆವಿ ಇರುತ್ತಲ್ಲ, ನನಗಿಂತ ನಿನ್ನ ಹತ್ರಾನೇ ಚೆನ್ನಾಗಿರುತ್ತೆ."

ಇಬ್ಬರೂ ಸೇರಿ ಬೇರಿನ ಮುದ್ದೆಯನ್ನು ಹಳೆಯ ಚಾಕುವಿನಿಂದ ಸೀಳಿದರು. ಕೊಡುವಾಗ ಅವನು ತನಗೆ ಗೊತ್ತಿದ್ದಷ್ಟನ್ನೂ ಹೇಳಿದ. "ಒಣಗಿದ್ದನ್ನ ಬುಡಕ್ಕೇ ಕತ್ತರಿಸಬೇಕಂತೆ. ಅರ್ಧಕ್ಕೆ ಕತ್ತರಿಸಿದ್ರೆ ಮೋಟು ಉಳಿದು ಕೊಳೆಯುತ್ತಂತೆ. ಸುರುಳಿ ಸುತ್ತಿಕೊಂಡಿರೋ ಕುಡಿ ಮುಟ್ಟಬಾರದಂತೆ. ಅಷ್ಟೇ ನನಗೆ ಗೊತ್ತಿರೋದು."

ಅವನು ಹೇಳಿದಂತೆಯೇ ಆಯಿತು. ಲಾಂಡ್ರಿಯ ಆವಿಗೆ ಗಿಡ ಉಬ್ಬಿತು. ಇಸ್ತ್ರಿಯಾದ ಬಟ್ಟೆ ತೂಗುಹಾಕುವ ಕಂಬಿಯ ಮೇಲ್ಗಡೆ, ಛಾವಣಿಯ ಕೊಂಡಿಗೆ ಅದನ್ನು ನೇತುಹಾಕಿದ್ದರು. ಗರಿಗಳು ನೆರಿಗೆ ಬಿಚ್ಚಿದ ಲಂಗದ ಹಾಗೆ ಸುತ್ತಲೂ ಇಳಿಬಿದ್ದವು. ಬಂದವರೆಲ್ಲ ತಲೆ ಎತ್ತಿ ನೋಡುವರು. "ಟೈಲರಣ್ಣನ ಗಿಡ. ಆದ್ರೆ ಅವರ ಹತ್ರ ಹೀಗೆ ಬಂದಿರಲಿಲ್ಲ ನೋಡಿ" ಎಂದು ಆಕೆ ಹೇಳುವಳು.

ಬ್ಯಾಂಕಿನ ಮೇಡಂ ತಮ್ಮ ಬಿಳಿ ಅಂಗಿಗಳನ್ನು ತೆಗೆದುಕೊಂಡು ಹೋಗಲು ಬಂದ ದಿನ ಎಲ್ಲ ಕೆಟ್ಟಿತು. ಅವರು ಆ ಬೀದಿಯಲ್ಲಿ ಮಾತಿಗೆ ತೂಕವಿದ್ದ ಗಿರಾಕಿ. ಅಂಗಿಯನ್ನು ಕೈಗೆತ್ತಿಕೊಂಡವರು ಭುಜದ ಮೇಲೆ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದರು. ಕಂದು ಬಣ್ಣದ ಪುಡಿ.

"ಇದೇನಮ್ಮ, ನಿಮ್ಮ ಅಂಗಡೀಲೂ ಕಲೆ?"

ಸಾಲಿನಲ್ಲಿ ಹಿಂದೆ ನಿಂತಿದ್ದ ಯಾರೋ ಕಿಸಕ್ಕೆಂದರು. "ಭೂತಗನ್ನಡಿಗೆ ಮಂಜು ಹಿಡಿದಿದೆ" ಎಂದು ಇನ್ನೊಬ್ಬರು ಪಿಸುಗುಟ್ಟಿದ್ದು ಕೂಡ ಆಕೆಯ ಕಿವಿಗೆ ಬಿತ್ತು. ಮುಖಕ್ಕೆ ಆವಿ ಹೊಡೆದ ಹಾಗಾಯಿತು. ಅಂಗಿ ಕಸಿದುಕೊಂಡು ನೋಡಿದಳು. ಪಕ್ಕದ ಅಂಗಿಯ ಮೇಲೂ ಇತ್ತು, ಅದರಾಚೆಯದರ ಮೇಲೂ. ತಲೆ ಎತ್ತಿದಳು. ಸ್ಟೂಲ್ ಹತ್ತಿ ಜರಿಗಿಡದ ಒಂದು ಗರಿಯನ್ನು ಮಗುಚಿದಳು. ಎಲೆಯ ಬೆನ್ನಿನಲ್ಲಿ ಅಂಚಿನುದ್ದಕ್ಕೂ ಎರಡು ಸಾಲು ಕಂದು ಚುಕ್ಕೆಗಳು, ಒಂದರ ಪಕ್ಕ ಒಂದು ಅಂಟಿಕೊಂಡು ಕೂತಿದ್ದವು. ಉಗುರಿನಿಂದ ಕೆರೆದರೆ ಪುಡಿ ಉದುರಿತು.

"ಹುಳ" ಎಂದಳು. ಎಲ್ಲರಿಗೂ ಕೇಳುವ ಹಾಗೆ. "ಇದು ನಮ್ಮಲ್ಲಿ ಹುಟ್ಟಿದ್ದಲ್ಲ ಮೇಡಂ. ಪಕ್ಕದ ಅಂಗಡಿಯಿಂದ ಬಂದಿದ್ದು. ಈಗಲೇ ತೋರಿಸ್ತೀನಿ ಬನ್ನಿ."

ಆ ಗರಿಯನ್ನು ಕಿತ್ತುಕೊಂಡು, ಬಾಲ ಹಿಡಿದ ಇಲಿಯ ಹಾಗೆ ಮುಂದಕ್ಕೆ ಚಾಚಿ ಹಿಡಿದು ಟೈಲರಣ್ಣನ ಅಂಗಡಿಗೆ ನಡೆದಳು. ಮೇಡಂ ಹಿಂದೆ ಬಂದರು, ಸಾಲಿನಲ್ಲಿದ್ದವರಲ್ಲಿ ಕೆಲವರೂ ಬಂದರು. ಟೈಲರಣ್ಣ ಗಿರಾಕಿಯೊಬ್ಬರ ಕೋಟಿಗೆ ತೋಳಿನಳತೆ ತೆಗೆಯುತ್ತಿದ್ದ. ಅವನಿಗೆ ಕಣ್ಣಿನಲ್ಲಿ ಪೊರೆ ಬೆಳೆದು ಬಹಳ ಕಾಲವಾಗಿತ್ತು. ಹತ್ತಿರದ ಹೊಲಿಗೆಯನ್ನು ಬೆರಳಿನ ನಂಬಿಕೆಯ ಮೇಲೆ ನಡೆಸುತ್ತಿದ್ದ, ಮನುಷ್ಯರನ್ನು ದನಿಯಿಂದ ಗುರುತಿಸುತ್ತಿದ್ದ. ಇದು ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಆಕೆಗಂತೂ ಚೆನ್ನಾಗಿಯೇ ಗೊತ್ತಿತ್ತು.

"ಟೈಲರಣ್ಣ, ನೀವು ಕೊಟ್ಟ ಗಿಡದ ತುಂಬ ಹುಳ. ನನ್ನ ಗಿರಾಕಿಗಳ ಬಟ್ಟೆಯೆಲ್ಲ ಹಾಳಾಯ್ತು. ನಿಮ್ಮದರಲ್ಲೂ ಇರಬೇಕು, ನೋಡ್ತೀನಿ." ಉತ್ತರಕ್ಕೂ ಕಾಯದೆ ಕಿಟಕಿಯ ಬಳಿ ಹೋಗಿ ಗುಂಡಿಯಕ್ಕನ ಕುಂಡದ ಗರಿಗಳನ್ನು ಒಂದೊಂದಾಗಿ ಮಗುಚಿದಳು. "ಇಲ್ನೋಡಿ, ಇಲ್ನೋಡಿ. ಒಂದೂ ಬಿಟ್ಟಿಲ್ಲ. ಇಂಥದ್ದನ್ನ ಇಟ್ಟುಕೊಂಡು ಉಣ್ಣೆ ಬಟ್ಟೆ ಹೊಲೀತೀರಲ್ಲ."

ಟೈಲರಣ್ಣ ಟೇಪನ್ನು ಕೊರಳಿಗೆ ಹಾಕಿಕೊಂಡು ಹತ್ತಿರ ಬಂದ. ಗಿಡದ ಮೇಲೆ ಬಾಗಿದ. ಅವನಿಗೆ ಹಸಿರಿನ ಒಂದು ಮಬ್ಬು ಬಿಟ್ಟರೆ ಏನೂ ಕಂಡಿರಲಾರದು.

"ನೀನೇ ನೋಡಿದ್ಯಾ ತಂಗೀ?"

"ಎರಡೂ ಕಣ್ಣಲ್ಲಿ."

"ನೀನು ನೋಡಿದ್ರೆ ಸರಿಯೇ" ಎಂದ ಅವನು. "ಏನು ಮಾಡ್ಬೇಕು ಈಗ?"

"ನನ್ನ ಕೇಳಿದ್ರೆ ಬೇರುಸಹಿತ ತೆಗೀಬೇಕು. ಆಮೇಲೆ ನಿಮ್ಮಿಷ್ಟ."

ಅಂಗಡಿಗೆ ಮರಳಿ ಬಂದವಳೇ ತನ್ನ ಗಿಡವನ್ನು ಕೆಳಗಿಳಿಸಿ, ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯಿಂದ ಚುಕ್ಕೆಯಿದ್ದ ಗರಿಗಳನ್ನೆಲ್ಲ ಕಚಕಚನೆ ಕತ್ತರಿಸಿದಳು. ಸಿಟ್ಟಿನಲ್ಲಿ ಬುಡ ಯಾವುದು ನಡು ಯಾವುದು ಎಂದು ನೋಡಲಿಲ್ಲ. ಚುಕ್ಕೆಯಿಲ್ಲದವೂ ಜೊತೆಗೆ ಹೋದವು. ಕೊನೆಗೆ ಕುಂಡದಲ್ಲಿ ಉಳಿದದ್ದು ಹಳೆಯ ಪೊರಕೆಯಂಥ ಮೋಟುಗಳು. ಎಸೆಯಲು ಗಂಡನಿಗೆ ಹೇಳಿದಳು. ಅವನು ಎಸೆಯದೆ ಹಿತ್ತಲಿನ ನೀರಿನ ಟ್ಯಾಂಕಿನ ಪಕ್ಕ ಇಟ್ಟುಬಿಟ್ಟ. ಯಾಕೆಂದು ಕೇಳಿದರೆ, "ಕುಂಡ ಚೆನ್ನಾಗಿದೆ" ಎಂದ.

ಮಾರನೆಯ ಬೆಳಿಗ್ಗೆ ಕಸದ ಗಾಡಿ ಬಂದಾಗ ಟೈಲರಣ್ಣ ಗುಂಡಿಯಕ್ಕನ ಗಿಡವನ್ನು ಎದೆಗೆ ಒರಗಿಸಿಕೊಂಡು ಹೊರಗೆ ಬಂದ. ಗಾಡಿಯವನು ಕೈಚಾಚಿದರೂ ಕೊಡದೆ, ತಾನೇ ಹಿಂಬದಿಗೆ ಹೋಗಿ, ಅಂಚನ್ನು ಕೈಯಿಂದ ತಡವಿ ನೋಡಿ, ಒಳಗಿಳಿಸಿದ. ಆಮೇಲೆ ಲಾಂಡ್ರಿಯ ಬಾಗಿಲಿಗೆ ಬಂದು ನಿಂತ.

"ತಂಗೀ, ತಪ್ಪಾಯ್ತು. ನನ್ನಿಂದ ನಿನ್ನ ವ್ಯಾಪಾರಕ್ಕೆ ತೊಂದರೆ ಆಯ್ತು. ಕಣ್ಣು ಕಾಣದವನು ಗಿಡ ಇಟ್ಟುಕೊಳ್ಳಬಾರದಿತ್ತು."

ಆಕೆ ಇಸ್ತ್ರಿ ಮಾಡುತ್ತಿದ್ದಳು. "ಹೋಗ್ಲಿ ಬಿಡಿ ಅಣ್ಣ. ಆಗಿದ್ದಾಯ್ತು" ಎಂದಳು. ಕ್ಷಮಿಸುವವರ ದನಿ ಹೇಗಿರುತ್ತದೋ ಹಾಗೆಯೇ ಇತ್ತು ಆಕೆಯ ದನಿ. ಈ ಒಂದು ಮಾತನ್ನು ನೆನೆಸಿಕೊಂಡು ಮುಂದೆ ಎಷ್ಟೋ ಸಲ ಒಬ್ಬಳೇ ಇದ್ದಾಗಲೂ ಆಕೆ ಮುಖ ಮುಚ್ಚಿಕೊಂಡದ್ದುಂಟು.

ಅಂಗಡಿಯಲ್ಲಿ ಹುಳದ ಅಂಶವೂ ಉಳಿಯಬಾರದೆಂದು ಔಷಧಿ ತರಲು, ಕತ್ತರಿಸಿದ ಒಂದು ಗರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಸಸಿ ಮಾರುವ ಅಂಗಡಿಗೆ ಹೋದಳು. ಅಲ್ಲಿನ ಹೆಂಗಸು ಗೊಬ್ಬರದ ಮೂಟೆ ಎಣಿಸಿಕೊಳ್ಳುತ್ತಿದ್ದವಳು ಚೀಲದೊಳಗೆ ಒಂದು ಸಲ ಇಣುಕಿದಳು.

"ಇದಕ್ಕೆ ಔಷಧಿ ಯಾಕಮ್ಮ?"

"ಹುಳ ಕಾಣ್ತಿಲ್ವಾ? ಸಾಲುಸಾಲಾಗಿ ಕೂತಿದೆ."

"ಹುಳ ಎಲ್ಲಾದ್ರೂ ಸಾಲಾಗಿ ಕೂರುತ್ತಾ? ಅದು ಗಿಡದ ಬೀಜ. ಜರಿಗಿಡ ಹೂ ಬಿಡಲ್ಲ, ಹಣ್ಣು ಬಿಡಲ್ಲ, ಎಲೆ ಬೆನ್ನಲ್ಲೇ ಬೀಜದ ಪುಡಿ ಕಟ್ಟುತ್ತೆ. ಗಿಡ ಗಟ್ಟಿಯಾಗಿದ್ರೇನೇ ಬರೋದು. ಬಟ್ಟೆ ಮೇಲೆ ಬೀಳುತ್ತೆ ಅಂದ್ರೆ ಕುಂಡ ಆಚೆ ಸರಿಸಿಡಿ, ಅಷ್ಟೇ." ಮತ್ತೆ ಮೂಟೆಗಳ ಕಡೆ ತಿರುಗಿದವಳು ಏನೋ ಹೊಳೆದು, "ಕತ್ತರಿಸಿಬಿಟ್ರಾ?" ಎಂದಳು.

"ಸ್ವಲ್ಪ" ಎಂದಳು ಲಾಂಡ್ರಿಯಮ್ಮ.

ಬಸ್ಸಿಗೆ ಕಾಯಲಿಲ್ಲ. ನಡೆದೇ ಮನೆಯ ದಾರಿ ಹಿಡಿದಳು. ದಾರಿಯಲ್ಲಿ ಒಂದು ಕಡೆ ನಿಂತು ಚೀಲ ಬಿಚ್ಚಿ ಗರಿಯನ್ನು ಇನ್ನೊಮ್ಮೆ ನೋಡಿದಳು. ಚುಕ್ಕೆಗಳ ನಡುವಿನ ಅಂತರ ಕೂಡ ಒಂದೇ ಸಮ. ಹೊಲಿದಿಟ್ಟ ಹಾಗೆ. ದಾರದ ಒಂದು ಎಳೆ ತಪ್ಪಿದರೆ ಗುರುತಿಸುವ ತಾನು ಇದನ್ನು ನೋಡಲೇ ಇಲ್ಲವಲ್ಲ ಎನಿಸಿತು. ನೋಡಲಿಲ್ಲವೆಂದರೂ ಸುಳ್ಳು. ಮೇಡಂ ಮುಂದೆ ಮರ್ಯಾದೆ ಹೋಗುತ್ತಿತ್ತು, ತಪ್ಪನ್ನು ಹೊರಿಸಲು ಒಂದು ಹೆಗಲು ಬೇಕಿತ್ತು. ಪಕ್ಕದಲ್ಲೇ ಒಂದು ಸಿಕ್ಕಿತು.

ಮನೆಯಲ್ಲಿ ಗಂಡ ಕೇಳಿದ. "ಔಷಧಿ ಎಲ್ಲಿ?"

"ಸಿಗಲಿಲ್ಲ."

ಅಲ್ಲಿಂದ ಆಕೆಯ ದಿನಗಳು ಮುಳ್ಳಿನ ಮೇಲೆ ಒಣಹಾಕಿದ ಬಟ್ಟೆಯ ಹಾಗಾದವು. ಟೈಲರಣ್ಣ ಆಕೆಯನ್ನು ಹೊಗಳುವುದನ್ನೇ ಒಂದು ಕೆಲಸ ಮಾಡಿಕೊಂಡಂತಿತ್ತು. ಹೊಸ ಗಿರಾಕಿ ಬಂದರೆ, "ಬಟ್ಟೆ ಒಗೆಯೋಕೆ ಪಕ್ಕಕ್ಕೇ ಕೊಡಿ, ಅವಳ ಕಣ್ಣಿಗೆ ಬೀಳದ ಕಲೆ ಇಲ್ಲ. ನನ್ನ ಅಂಗಡಿಯ ಹುಳ ಕಂಡುಹಿಡಿದು ನನ್ನನ್ನ ಉಳಿಸಿದಳು" ಎನ್ನುವನು. ಗೋಡೆ ತೆಳು. ಆ ಮಾತು ಈಚೆ ಕೇಳುತ್ತಿತ್ತು. ಆಗೆಲ್ಲ ಆಕೆ ಬೇಕಿಲ್ಲದಿದ್ದರೂ ಡ್ರೈಯರ್ ಚಾಲೂ ಮಾಡುವಳು.

ಹೇಳಿಬಿಡಬೇಕು ಎಂದು ಎಷ್ಟೋ ಸಲ ಅವನ ಬಾಗಿಲವರೆಗೆ ಹೋದಳು. ಒಮ್ಮೆ ಒಳಗೆ ಗಿರಾಕಿಗಳಿದ್ದರು, ವಾಪಸು ಬಂದಳು. ಇನ್ನೊಮ್ಮೆ ಯಾರೂ ಇರಲಿಲ್ಲ, ಆಗಲೂ ವಾಪಸು ಬಂದಳು. ಕಡೆಗೆ ಉಪಾಯವೊಂದು ಹೊಳೆಯಿತು. ಅದೇ ಸಸಿಯಂಗಡಿಗೆ ಹೋಗಿ, ಆ ಹೆಂಗಸಿನ ಮುಖ ನೋಡದೆ, ಹೊಸ ಜರಿಗಿಡವೊಂದನ್ನು ತಂದು ಟೈಲರಣ್ಣನ ಕಿಟಕಿಯಲ್ಲಿಟ್ಟಳು.

ಅವನು ಗರಿಗಳ ಮೇಲೆ ಕೈಯಾಡಿಸಿದ. ಮುಖ ಒಂದು ಗಳಿಗೆ ಅರಳಿತು. ಆಮೇಲೆ ಕುಂಡವನ್ನು ಮೆಲ್ಲಗೆ ಆಕೆಯ ಕಡೆ ತಳ್ಳಿದ.

"ಬೇಡ ತಂಗೀ. ನೀನು ಇಷ್ಟು ಯೋಚನೆ ಮಾಡಿದ್ದೇ ದೊಡ್ಡದು. ಆದ್ರೆ ನನಗೆ ನೋಡಿಕೊಳ್ಳೋಕೆ ಬರಲ್ಲ. ಅಕ್ಕ ಅಷ್ಟು ವರ್ಷ ಕಾಪಾಡಿದ್ದಕ್ಕೆ ನಾನು ಎರಡು ವರ್ಷದಲ್ಲಿ ಹುಳ ಹತ್ತಿಸಿದೆ. ಅವಳಿದ್ದಿದ್ರೆ ಏನು ಅಂದುಕೊಳ್ತಿದ್ದಳೋ."

ಆಕೆ ಹೊಸ ಗಿಡವನ್ನು ಎತ್ತಿಕೊಂಡು ಬಂದು ಹಿತ್ತಲಿಗೆ ಒಯ್ದಳು. ನೀರಿನ ಟ್ಯಾಂಕಿನ ಪಕ್ಕ ಮೊದಲೇ ಒಂದು ಕುಂಡವಿತ್ತು. ತಾನು ಕತ್ತರಿಸಿ ಬಿಸಾಡೆಂದಿದ್ದ ಗಿಡ. ಮೋಟುಗಳ ನಡುವೆ ತೆಳುರೋಮ ಹೊದ್ದ ಹಸಿರು ಸುರುಳಿಗಳು ತಲೆ ಎತ್ತಿದ್ದವು. ಮಣ್ಣು ಒದ್ದೆಯಾಗಿತ್ತು.

"ನೀವು ನೀರು ಹಾಕ್ತಿದೀರಾ?" ಎಂದು ಗಂಡನನ್ನು ಕೇಳಿದಳು.

"ಹೂಂ."

"ಹುಳ ಇದ್ದಿದ್ದಕ್ಕೆ?"

ಅವನು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ತಲೆ ಎತ್ತದೆಯೇ ಹೇಳಿದ. "ಔಷಧಿ ಸಿಗಲಿಲ್ಲ ಅಂದ್ಯಲ್ಲ, ಆವತ್ತೇ ಗೊತ್ತಾಯ್ತು. ನಿನಗೆ ಬೇಕಾಗಿದ್ದು ಸಿಗದೇ ಇದ್ರೆ ನೀನು ಅಂಗಡಿಯವರನ್ನ ಬೈತಾ ಬರ್ತೀಯ. ಆವತ್ತು ಬೈಲಿಲ್ಲ." ಚೈನನ್ನು ಒಂದು ಸುತ್ತು ತಿರುಗಿಸಿದ. "ಆ ಮನುಷ್ಯನಿಗೆ ಹೇಳು. ನಾನು ಹೇಳಲ್ಲ. ಹೇಳೋದು ನಿನ್ನ ಬಾಯಲ್ಲೇ ಆಗಬೇಕು."

ಹೇಳಿದ್ದು ಕೂಡ ಯೋಚಿಸಿ ಹೇಳಿದ್ದಲ್ಲ. ಒಂದು ಸಂಜೆ ಟೈಲರಣ್ಣ ಹೊಲಿದು ಮುಗಿಸಿದ ಪ್ಯಾಂಟಿಗೆ ಇಸ್ತ್ರಿಯ ಗೆರೆ ಹೊಡೆಸಲು ಬಂದಿದ್ದ. ಮೇಜಿನ ಬಳಿ ಒಬ್ಬ ಮೇಷ್ಟರು ರಸೀದಿ ಹುಡುಕುತ್ತಾ ಜೇಬುಗಳನ್ನೆಲ್ಲ ತಡಕಾಡುತ್ತಿದ್ದರು. "ಇಲ್ಲೊಂದು ಗಿಡ ಇತ್ತಲ್ಲ" ಎಂದರು ಛಾವಣಿ ನೋಡುತ್ತಾ.

"ಇತ್ತು. ನನ್ನ ದೆಸೆಯಿಂದ ಹೋಯ್ತು. ರೋಗದ ಗಿಡ ಕೊಟ್ಟುಬಿಟ್ಟಿದ್ದೆ" ಎಂದ ಟೈಲರಣ್ಣ. ದಿನವೂ ಹೇಳಿ ಹೇಳಿ ಅವನಿಗೆ ಆ ಮಾತು ಬಾಯಿಪಾಠವಾಗಿತ್ತು.

"ಇಲ್ಲ" ಎಂದಳು ಲಾಂಡ್ರಿಯಮ್ಮ. ಇಸ್ತ್ರಿ ಕೆಳಗಿಟ್ಟಳು. "ರೋಗ ಇರಲಿಲ್ಲ ಅಣ್ಣ. ಹುಳಾನೂ ಇರಲಿಲ್ಲ. ಅದು ಬೀಜ. ನಾನು ಔಷಧಿ ತರೋಕೆ ಹೋದಾಗ ಗೊತ್ತಾಯ್ತು. ಆಗಿನಿಂದ ಗೊತ್ತು ನನಗೆ. ಹೇಳಲಿಲ್ಲ."

ಮೇಷ್ಟರು ರಸೀದಿ ಹುಡುಕುವುದನ್ನು ನಿಲ್ಲಿಸಿದರು. ಟೈಲರಣ್ಣ ಆಕೆಯ ದನಿ ಬಂದ ಕಡೆ ಮುಖ ತಿರುಗಿಸಿ ನಿಂತ.

"ಬೀಜ" ಎಂದ.

"ಹೌದು."

"ಅಕ್ಕ ಹೇಳಿರಬೇಕು" ಎಂದ ಅವನು, ತನಗೆ ತಾನೇ ಹೇಳಿಕೊಂಡಂತೆ. "ಅವಳು ದಿನಾ ಆ ಗಿಡದ ವಿಷಯ ಏನಾದ್ರೂ ಹೇಳ್ತಾನೇ ಇರ್ತಿದ್ದಳು. ನಾನು ಮಿಷಿನ್ ತುಳೀತಾ ಹೂಂ ಹೂಂ ಅಂತಿದ್ದೆ. ಕೇಳಿಸಿಕೊಂಡಿದ್ರೆ ನಿಮಗೆ ಆವತ್ತೇ ಹೇಳಬಹುದಿತ್ತು."

ನಿಮಗೆ ಎಂದಿದ್ದ. ಇಷ್ಟು ವರ್ಷ ಆಕೆಯನ್ನು ನೀನು ಎಂದೇ ಕರೆದಿದ್ದವನು.

"ನನ್ನದೇ ತಪ್ಪು ಅಣ್ಣ. ನಾನು ಆವತ್ತು..."

"ಆವತ್ತು ಅಳತೆ ಕೊಡ್ತಿದ್ರಲ್ಲ, ಅವರು ಬಟ್ಟೆ ವಾಪಸ್ ತಗೊಂಡು ಹೋದ್ರು. ಬ್ಯಾಂಕಿನ ಮೇಡಂ ಚಳಿಗಾಲದ ಕೋಟು ಹೊಲಿಸ್ತೀನಿ ಅಂದಿದ್ದರು, ಬರಲೇ ಇಲ್ಲ. ನಾನು ನಿಮಗೆ ಹೇಳಿರಲಿಲ್ಲ. ನನ್ನ ಗಿಡದಿಂದ ಆಗಿದ್ದು, ನಾನೇ ಅನುಭವಿಸಬೇಕು ಅಂದುಕೊಂಡಿದ್ದೆ." ಅವನು ಮೇಜಿನ ಮೇಲೆ ತಡಕಾಡಿ ತನ್ನ ಪ್ಯಾಂಟನ್ನು ಎತ್ತಿಕೊಂಡ. "ಗೆರೆ ನಾನೇ ಹೊಡ್ಕೊತೀನಿ. ಬರ್ತೀನಿ."

ಬಾಗಿಲಲ್ಲಿ ಮೆಟ್ಟಿಲು ತಿಳಿಯದೆ ಒಂದು ಕ್ಷಣ ತೂರಾಡಿದ. ಆಕೆ ಓಡಿಹೋಗಿ ಕೈಹಿಡಿಯಬೇಕೆಂದುಕೊಂಡಳು, ಆದರೆ ಮೇಜಿನ ಹಿಂದೆಯೇ ಉಳಿದಳು. ಮೇಷ್ಟರೇ ಹಿಡಿದು ಇಳಿಸಿದರು.

ಮರುದಿನದಿಂದ ಲಾಂಡ್ರಿಯಮ್ಮ ಬೇರೆಯೇ ಹೆಂಗಸಾದಳು. ಬ್ಯಾಂಕಿಗೆ ಹೋಗಿ ಮೇಡಂ ಮೇಜಿನ ಮುಂದೆ ನಿಂತು, ಹಿಂದೆ ಜನ ಕಾಯುತ್ತಿರುವಾಗಲೇ, "ಆ ಹುಳದ ಮಾತು ಸುಳ್ಳು ಮೇಡಂ, ನಾನೇ ಕಟ್ಟಿದ್ದು" ಎಂದಳು. ಮೇಡಂ ಕನ್ನಡಕ ತೆಗೆದು ಆಕೆಯನ್ನು ನೋಡಿದರು. "ನೀವೇ ತಾನೆ ಬೆರಳಿಟ್ಟು ತೋರಿಸಿದ್ದು?" ಎಂದರು. "ನಾನೇ." ಮೇಡಂ ಕನ್ನಡಕ ಮತ್ತೆ ಹಾಕಿಕೊಂಡು, ಹಿಂದೆ ನಿಂತಿದ್ದವರನ್ನು ಮುಂದಕ್ಕೆ ಕರೆದರು. ಆಮೇಲೆ ಬಟ್ಟೆ ವಾಪಸು ತೆಗೆದುಕೊಂಡ ಗಿರಾಕಿಯನ್ನು ಹುಡುಕಿಕೊಂಡು ಹೋದಳು. ಅಲ್ಲಿಗೂ ನಿಲ್ಲಲಿಲ್ಲ. ಅಂಗಡಿಗೆ ಬಂದವರಿಗೆಲ್ಲ, ಕೇಳಲಿ ಬಿಡಲಿ, ಕಥೆ ಹೇಳತೊಡಗಿದಳು. ಟೈಲರಣ್ಣನ ಗಿಡ, ಗುಂಡಿಯಕ್ಕನ ಕುಂಡ, ಕಸದ ಗಾಡಿ, ತನ್ನ ನಾಲಿಗೆ, ಎಲ್ಲವನ್ನೂ. ಹೇಳುವಾಗ ಕಣ್ಣು ತುಂಬುತ್ತಿತ್ತು. ಕೇಳಿದವರು, "ಹೋಗ್ಲಿ ಬಿಡಿ, ಒಪ್ಪಿಕೊಂಡ್ರಲ್ಲ, ಅದೇ ದೊಡ್ಡತನ" ಎನ್ನುವರು. ಆಗ ಎದೆ ಒಂದಿಷ್ಟು ಹಗುರಾಗುವುದು. ಮರುಗಳಿಗೆಗೆ ಮತ್ತೆ ಭಾರ. ಮತ್ತೊಬ್ಬ ಗಿರಾಕಿಗೆ ಕಾಯುವಳು.

ಗಂಡ ಮಾತ್ರ ಇದನ್ನು ಕೇಳಲಾರದೆ ಸೈಕಲ್ ಹತ್ತುತ್ತಿದ್ದ.

ಟೈಲರಣ್ಣ ಕೆಲವು ವಾರ ಅಂಗಡಿ ಮುಚ್ಚಿದ. ಕಣ್ಣಿನ ಆಪರೇಷನ್ ಆಯಿತೆಂದು ಯಾರೋ ಹೇಳಿದರು. ಆಕೆಗೆ ಹೇಳಿರಲಿಲ್ಲ. ಗಂಡ ಆಸ್ಪತ್ರೆಗೆ ಹೋಗಿ ಬಂದ, ತಾನೂ ಬರುತ್ತೇನೆ ಎಂದರೆ "ಈಗ ಬೇಡ" ಎಂದ.

ಕಪ್ಪು ಕನ್ನಡಕ ಹಾಕಿಕೊಂಡು ಟೈಲರಣ್ಣ ಲಾಂಡ್ರಿಯ ಬಾಗಿಲಿಗೆ ಬಂದದ್ದು ಒಂದು ಭಾನುವಾರ, ಗಿರಾಕಿಗಳಿಲ್ಲದ ಹೊತ್ತು. ಮೆಟ್ಟಿಲನ್ನು ಸಲೀಸಾಗಿ ಹತ್ತಿದ. ಗಂಡ ಹಿಂದೆಯೇ ಇದ್ದ. ಅವನೇ ಕರೆತಂದಿದ್ದ ಎಂದು ಆಕೆಗೆ ಅರ್ಥವಾಯಿತು.

"ಗಿಡ ಉಳಿದಿದೆಯಂತೆ" ಎಂದ ಟೈಲರಣ್ಣ. "ನೋಡಬಹುದಾ?"

ಹಿತ್ತಲಿನಿಂದ ಕುಂಡ ತಂದು ಅವನ ಮುಂದೆ ಸ್ಟೂಲಿನ ಮೇಲಿಟ್ಟಳು. ಹೊಸ ಗರಿಗಳು ಗೇಣುದ್ದ ಬೆಳೆದಿದ್ದವು. ನಡುವೆ ಆಕೆ ಸಿಟ್ಟಿನಲ್ಲಿ ಅರ್ಧಕ್ಕೆ ಕತ್ತರಿಸಿದ್ದ ಮೋಟುಗಳು ಕಪ್ಪಾಗಿ, ಕೆಲವು ಬುಡದಲ್ಲಿ ಮೆತ್ತಗಾಗಿದ್ದವು. ಅವನು ಕನ್ನಡಕ ತೆಗೆದು, ಕಣ್ಣು ಕಿರಿದು ಮಾಡಿಕೊಂಡು ಬಹಳ ಹೊತ್ತು ನೋಡಿದ. ಜೇಬಿನಿಂದ ದಾರ ಕತ್ತರಿಸುವ ಸಣ್ಣ ಕತ್ತರಿ ತೆಗೆದ. ಒಂದು ಮೋಟನ್ನು ಎರಡು ಬೆರಳಿನಲ್ಲಿ ಹಿಡಿದು ಮಣ್ಣಿನ ಮಟ್ಟಕ್ಕೆ ಕತ್ತರಿ ಇಳಿಸಿ ಕತ್ತರಿಸಿದ. ಆಮೇಲೆ ಕತ್ತರಿಯನ್ನು ಆಕೆಯ ಕೈಗಿಟ್ಟ.

ಆಕೆ ಒಂದೊಂದಾಗಿ ಮೋಟುಗಳನ್ನು ತೆಗೆದಳು. ಪ್ರತಿಸಲವೂ ಕತ್ತರಿ ಇಡುವ ಮುಂಚೆ ಅವನ ಮುಖ ನೋಡುವಳು, ಅವನು ತಲೆಯಾಡಿಸುವನು. ಜೀವನದಲ್ಲಿ ಯಾವ ಕೆಲಸವನ್ನೂ ಆಕೆ ಅಷ್ಟು ಹೆದರಿಕೊಂಡು ಮಾಡಿರಲಿಲ್ಲ. ಒಂದು ಕಡೆ ಕಂದುಬಣ್ಣದ ಎಳೆಯೊಂದು ಒಣಗಿದಂತೆ ಕಂಡು ಕತ್ತರಿ ಒಯ್ದಳು.

"ಅಯ್ಯೋ, ಅದನ್ನ ಬಿಡು, ಅದು ಸುರುಳಿ" ಎಂದ ಅವನು ಥಟ್ಟನೆ.

ಬಿಡು ಎಂದಿದ್ದ, ಬಿಡಿ ಎನ್ನಲಿಲ್ಲ. ಆಕೆ ತಲೆ ಬಗ್ಗಿಸಿದಳು. ಅವನಿಗೆ ಅದು ಬಾಯಿತಪ್ಪಿ ಬಂದದ್ದು. ಮುಂದಿನ ಮಾತಿನಲ್ಲೇ ಮತ್ತೆ "ನೀವು" ಬಂತು. ಆದರೂ ಅಷ್ಟರಿಂದಲೇ ಕಣ್ಣು ಮಂಜಾಗಿ ಆಕೆ ಕತ್ತರಿಯನ್ನು ಕೆಳಗಿಡಬೇಕಾಯಿತು.

"ಇದನ್ನ ನೀವೇ ಇಟ್ಕೊಳ್ಳಿ ಅಣ್ಣ. ಇದು ಗುಂಡಿಯಕ್ಕನದು."

"ಇಲ್ಲಿ ಆವಿ ಇದೆ, ಇಲ್ಲೇ ಇರಲಿ. ದಟ್ಟವಾದ ಮೇಲೆ ನೋಡೋಣ." ಕನ್ನಡಕ ಮತ್ತೆ ಹಾಕಿಕೊಂಡ. "ಇನ್ನೊಂದು ವಿಷಯ ಹೇಳೋಕೆ ಬಂದೆ. ನೀವು ಬಂದವರಿಗೆಲ್ಲ ಆ ಕಥೆ ಹೇಳ್ತಿದೀರಂತೆ."

"ನನ್ನ ತಪ್ಪು ಎಲ್ಲರಿಗೂ ಗೊತ್ತಾಗಲಿ ಅಂತ..."

"ಗೊತ್ತಾಯ್ತು. ಸಾಕು. ನೀವು ಹೇಳಿದಾಗಲೆಲ್ಲ ಟೈಲರು, ಹುಳ ಅನ್ನೋ ಎರಡು ಮಾತು ಒಟ್ಟಿಗೇ ಜನರ ಕಿವಿಗೆ ಬೀಳುತ್ತೆ. ಮನೆಗೆ ಹೋಗೋ ಹೊತ್ತಿಗೆ ಅವರಿಗೆ ನೆನಪಿರೋದು ಅವೆರಡೇ. ಆಮೇಲೆ ಆಸ್ಪತ್ರೆಗೆ ಬಂದವರೆಲ್ಲ ನನಗೆ ಏನು ಹೇಳಿದ್ರು ಗೊತ್ತಾ? ಲಾಂಡ್ರಿಯಮ್ಮ ಎಷ್ಟು ಒಳ್ಳೆಯವರು ಅಂತ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನಿಮಗೆ ನಾಚಿಕೆ ಆಗಿದ್ರೆ ನಾಚಿಕೆ ಪಟ್ಕೊಂಡು ಸುಮ್ಮನಿರಿ. ಅದನ್ನ ಊರಿಗೆಲ್ಲ ಹಂಚೋದು ಬೇಡ."

ಆಕೆ ಅವನು ಬೈಯುತ್ತಾನೆಂದುಕೊಂಡಿದ್ದಳು, ಕ್ಷಮಿಸುತ್ತಾನೆಂದೂ ಒಂದು ಮೂಲೆಯಲ್ಲಿ ಆಸೆಯಿತ್ತು. ಇದು ಎರಡೂ ಅಲ್ಲ. ತಾನು ಅತ್ತು ಅತ್ತು ಒಪ್ಪಿಕೊಂಡದ್ದೆಲ್ಲ ಕೂಡ ಮತ್ತೆ ತನ್ನ ದೊಡ್ಡ ಗಂಟಲೇ ಆಗಿತ್ತು ಎಂಬುದು ಈಗ ಹೊಳೆದು ಕಿವಿಯವರೆಗೆ ಬಿಸಿಯೇರಿತು. ಗಂಡನ ಕಡೆ ನೋಡಿದಳು. ಅವನು ಗೋಡೆಯ ಮೇಲಿನ ಗಡಿಯಾರ ನೋಡುತ್ತಿದ್ದ.

"ಆಗಲಿ ಅಣ್ಣ" ಎಂದಳು. ಮೆಲ್ಲಗೆ.

ಟೈಲರಣ್ಣ ಎದ್ದ. ಕತ್ತರಿಯನ್ನು ಒರೆಸಿ ಜೇಬಿಗಿಟ್ಟುಕೊಂಡ. "ತಿಂಗಳಿಗೊಂದು ಸಲ ಬಂದು ನೋಡ್ತೀನಿ. ಒಣಗಿದ್ದು ಇದ್ರೆ ತೆಗೆಯೋಣ. ಅಷ್ಟರೊಳಗೆ ನೀವಾಗಿ ಕೈ ಹಾಕಬೇಡಿ" ಎಂದ.

ಮುಂದೆ ಅವನು ಹೇಳಿದಂತೆ ಬರುತ್ತಿದ್ದ. ಕೆಲವು ತಿಂಗಳು ಬರಲಿಲ್ಲ, ಮತ್ತೆ ಬಂದ. ಮೇಡಂ ಕೋಟು ಹೊಲಿಸಿದರು, ಬಟ್ಟೆ ವಾಪಸು ಒಯ್ದವರು ಬರಲಿಲ್ಲ. ಲಾಂಡ್ರಿಯಮ್ಮ ಈಗಲೂ ಪ್ರತಿ ಅಂಗಿಯನ್ನೂ ಬೆಳಕಿಗೆ ಹಿಡಿಯುತ್ತಾಳೆ, ಕಲೆ ಕಂಡರೆ ಮೇಜಿನ ಮೇಲೆ ಬಾಗಿ ಆ ಒಬ್ಬರಿಗೆ ಕೇಳುವಷ್ಟೇ ಹೇಳುತ್ತಾಳೆ. ಡ್ರೈಯರಿನ ಸದ್ದಿಗೆ ಕೆಲವರಿಗೆ ಕೇಳುವುದಿಲ್ಲ. "ಏನಂದ್ರಿ?" ಎಂದು ಕೇಳುತ್ತಾರೆ. ಆಗ ಆಕೆ ಮಿಷಿನ್ ನಿಲ್ಲಿಸಿ ಬಂದು ಇನ್ನೊಮ್ಮೆ ಹೇಳುತ್ತಾಳೆ.